ಸಿಕ್ಕಿದ್ದು, ಬೇಕಾದ್ದು

ನನಗಾಗ ಹನ್ನೊಂದೋ ಹನ್ನೆರಡೋ. ಕೊಪ್ಪದ ಕಡೆಯ ಮಳೆಗಾಲ. ಅಪ್ಪಯ್ಯನ ಪೌರೋಹಿತ್ಯದ ಚೀಲ ಹೊರುವುದು ನನ್ನ ಪಾಲಿನ ಕೆಲಸ. ಒಂದು ದಿನ ಹೋಟೆಲಿನಲ್ಲಿ ಅಡುಗೆಗಿದ್ದವರೊಬ್ಬರ ಮನೆಗೆ ಶ್ರಾದ್ಧಕ್ಕೆ ಹೋದೆವು. ಊರಿಗೆಲ್ಲ ಅಡುಗೆ ಮಾಡುವವರ ಮನೆಯಲ್ಲಿ ಅವತ್ತು ವಡೆಯಿಲ್ಲ, ಪಾಯಸವಿಲ್ಲ. ಎಳ್ಳು, ನೀರು, ಒಂದು ಹಿಡಿ ಅನ್ನ, ಅಷ್ಟೇ. ಅಪ್ಪಯ್ಯ ತುಟಿ ಪಿಟಕ್ಕೆನ್ನದೆ ಎಲ್ಲ ಮುಗಿಸಿದರು. ದಕ್ಷಿಣೆಯನ್ನು ಆ ಮನೆಯ ಮಗುವಿನ ಕೈಗೇ ಇಟ್ಟು ಬಂದರು.

ತಿಂಗಳು ಕಳೆದಿರಲಿಲ್ಲ, ದೊಡ್ಡ ಅಡಿಕೆ ತೋಟದವರೊಬ್ಬರ ಮನೆಯಲ್ಲಿ ಹೋಮ. ಕೋರ್ಟಿನಲ್ಲಿದ್ದ ಜಮೀನಿನ ವ್ಯಾಜ್ಯ ತಮ್ಮ ಕಡೆ ಆಗಲಿ ಅಂತ. ಅಂಗಳದ ತುಂಬ ಸಾಮಾನು. ಅಪ್ಪಯ್ಯ ತುಪ್ಪದ ಪಾತ್ರೆಗೆ ಬೆರಳು ಅದ್ದಿ, ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ, ಮೂಗಿನ ಹತ್ತಿರ ಹಿಡಿದರು. ಡಬ್ಬದ ವನಸ್ಪತಿ. 'ದನದ ತುಪ್ಪ ತರಿಸಿ, ಇಲ್ಲದಿದ್ರೆ ಇನ್ನೊಂದು ದಿನ ನೋಡುವ' ಎಂದರು. ಅವರು ನಕ್ಕು, 'ಇರೋದ್ರಲ್ಲಿ ಮಾಡಿ ಭಟ್ರೇ' ಎಂದರು. ಅಪ್ಪಯ್ಯ ದರ್ಭೆಯನ್ನು ಮಡಿಚಿ ಚೀಲಕ್ಕೆ ಹಾಕಿ ಎದ್ದರು.

ದಾರಿಯಲ್ಲಿ ಕೇಳಿದೆ: ಅಲ್ಲಿ ಏನೂ ಇಲ್ಲದಿದ್ದರೂ ಮಾಡಿದಿರಿ, ಇಲ್ಲಿ ಒಂದೇ ಒಂದು ಇಲ್ಲದ್ದಕ್ಕೆ ಬಿಟ್ಟಿರಲ್ಲ? 'ಅದು ಬಿಡಲಿಕ್ಕೆ ಬಾರದ್ದು ಮಾರಾಯ, ಇದು ಬೇಕು ಅಂತ ಮಾಡೋದು' ಎಂದರು. ಕಾಲಿಗೆ ಹತ್ತಿದ ಉಂಬಳ ಕೀಳುವುದರಲ್ಲಿ ನಾನು ಆ ಮಾತನ್ನು ಅಲ್ಲೇ ಬಿಟ್ಟೆ. ಅದು ಮತ್ತೆ ಸಿಕ್ಕಿದ್ದು ಮೂವತ್ತು ವರ್ಷದ ಮೇಲೆ, ಬೆಂಗಳೂರಿನಲ್ಲಿ, ಸಂಧ್ಯಾವಂದನೆಯನ್ನೆಲ್ಲ ಎಂದೋ ಬಿಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದಾಗ.

ನನ್ನ ಕೆಲಸ ಸಾಫ್ಟ್‌ವೇರ್ ಕಟ್ಟುವುದು. ಬರೆಯುವುದಲ್ಲ, ಬೇರೆಯವರು ಬರೆದದ್ದನ್ನು ಕಟ್ಟುವುದು, ಅಂದರೆ ಬಿಲ್ಡ್ ಮಾಡುವುದು. ಪ್ರೋಗ್ರಾಂ ಮೂಲರೂಪದಲ್ಲಿ ಬರುತ್ತದೆ; ಅದನ್ನು ಓಡುವ ರೂಪಕ್ಕೆ ತಂದು, ಪ್ಯಾಕೇಜು ಮಾಡಿ, ಸರ್ವರಿಗೆ ಏರಿಸಬೇಕು. ಬಹುಪಾಲು ಪ್ರೋಗ್ರಾಮುಗಳಲ್ಲಿ ಕೆಲವು ಸೌಲಭ್ಯಗಳು ಐಚ್ಛಿಕ. ಪಕ್ಕದಲ್ಲಿ ಇಂಥ ಲೈಬ್ರರಿ ಇದ್ದರೆ ಚಿತ್ರ ಕುಗ್ಗಿಸುತ್ತದೆ, ಅಂಥದ್ದಿದ್ದರೆ ಗುಪ್ತಲಿಪಿ ಬಿಡಿಸುತ್ತದೆ, ಇಲ್ಲದಿದ್ದರೆ ಅಷ್ಟು ಬಿಟ್ಟು ಮಿಕ್ಕದ್ದನ್ನು ಮಾಡುತ್ತದೆ. ಇರುವುದೋ ಇಲ್ಲವೋ ಎಂದು ನೋಡುವವರು ಯಾರು, ಬೇಕೋ ಬೇಡವೋ ಎಂದು ಹೇಳುವವರು ಯಾರು? ಇದು ಬರೀ ಎಂಜಿನಿಯರರ ಜಗಳ ಎಂದು ಬಹಳ ದಿನ ನಂಬಿದ್ದೆ.

ಹಳೆಯ ಕ್ರಮ ಆಟೋಕಾನ್ಫ್‌ನದು. 1991ರಲ್ಲಿ ಡೇವಿಡ್ ಮೆಕೆಂಝಿ ಶುರುಮಾಡಿದ್ದು. ಅದಕ್ಕೆ ಮೊದಲು, 'ಇದು ಇಂಥ ಕಂಪನಿಯ ಯಂತ್ರ, ಆದ್ದರಿಂದ ಇದರಲ್ಲಿ ಇಂತಿಂಥದ್ದು ಇದೆ' ಎಂದು ಕುಲಗೋತ್ರ ನೋಡಿ ತೀರ್ಮಾನಿಸುತ್ತಿದ್ದರು. ಆಟೋಕಾನ್ಫ್ ಕುಲ ಕೇಳುವುದಿಲ್ಲ, ಗುಣ ಪರೀಕ್ಷಿಸುತ್ತದೆ. ಕಾನ್ಫಿಗರ್ ಎಂಬ ಸ್ಕ್ರಿಪ್ಟು ಓಡಿಸಿದರೆ ಪರದೆಯ ಮೇಲೆ ಸಾಲು ಸಾಲಾಗಿ 'ಚೆಕಿಂಗ್ ಫಾರ್' ಅದು, 'ಚೆಕಿಂಗ್ ಫಾರ್' ಇದು, ಕೊನೆಗೆ ಎಸ್ ಅಥವಾ ನೋ. ಒಳಗೆ ನಡೆಯುವುದು ಇಷ್ಟು: ಕಾನ್ಫ್‌ಟೆಸ್ಟ್ ಎಂಬ ಹೆಸರಿನ ನಾಲ್ಕೈದು ಸಾಲಿನ ಸಿ ಪ್ರೋಗ್ರಾಮೊಂದನ್ನು ಅದೇ ಬರೆದುಕೊಂಡು, ಅದು ಕಂಪೈಲ್ ಆಗುತ್ತದೆಯೇ, ಲಿಂಕ್ ಆಗುತ್ತದೆಯೇ ನೋಡುತ್ತದೆ. ಆದರೆ ಎಸ್, ಆಗದಿದ್ದರೆ ನೋ.

ಆ 'ನೋ'ದ ಮೇಲೆ ನನಗೆ ಮೊದಲು ಅನುಮಾನ ಬಂದದ್ದು. ಕಂಪೈಲ್ ಆಗಲಿಲ್ಲ ಎನ್ನುವುದು ಕಂಡ ಸಂಗತಿ. ಲೈಬ್ರರಿ ಇಲ್ಲ ಎನ್ನುವುದು ಅದರಿಂದ ಎಳೆದ ತೀರ್ಮಾನ. ನಡುವಿನ ಸೇತುವೆ ಯಾವುದು?

ನಮ್ಮವರು ಇದರ ಮೇಲೆ ನೂರಾರು ವರ್ಷ ಕಚ್ಚಾಡಿದ್ದಾರೆ. ನೆಲದ ಮೇಲೆ ಮಡಕೆ ಇಲ್ಲ ಎಂದು ನನಗೆ ಹೇಗೆ ಗೊತ್ತಾಯಿತು? ನೈಯಾಯಿಕರು ಕಣ್ಣಿಂದಲೇ ಎಂದರು. ಅವರಿಗೆ ಅಭಾವವೂ ಒಂದು ಪದಾರ್ಥ. ಮೀಮಾಂಸಕರಲ್ಲಿ ಪ್ರಭಾಕರನ ಮತದವರು, ಇಲ್ಲದ್ದು ಅಂತ ಬೇರೆ ಏನೂ ಇಲ್ಲ, ಬರಿಯ ನೆಲ ಇದೆ ಅಷ್ಟೇ ಎಂದರು. ಕುಮಾರಿಲ ಭಟ್ಟನ ಕಡೆಯವರೂ ಅದ್ವೈತಿಗಳೂ ಇಲ್ಲದ್ದನ್ನು ತಿಳಿಯಲು ಬೇರೆಯೇ ಪ್ರಮಾಣ ಬೇಕೆಂದು ಅನುಪಲಬ್ಧಿಯನ್ನು ಒಪ್ಪಿಕೊಂಡರು. ಕಾಣದಿರುವುದೇ ತಿಳಿವಿಗೆ ದಾರಿ. ಆದರೆ ಎಂಥ ಕಾಣದಿರುವಿಕೆ? ಅಲ್ಲೊಂದು ಕರಾರು ಇದೆ. ಇದ್ದಿದ್ದರೆ ಕಾಣಲೇಬೇಕಿತ್ತು, ಆದರೂ ಕಾಣಲಿಲ್ಲ ಎನ್ನುವಂತಿರಬೇಕು. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಮಡಕೆ ಇಲ್ಲವೆಂದಾಗಲಿಲ್ಲ. ಧರ್ಮಾಧರ್ಮಗಳು ಕಣ್ಣಿಗೆ ಬೀಳುವ ಜಾತಿಯವೇ ಅಲ್ಲ. ಅವು ಕಾಣಲಿಲ್ಲ ಅಂತ ಅವೇ ಇಲ್ಲ ಎನ್ನುವ ಹಾಗಿಲ್ಲ. ಯೋಗ್ಯತೆ ಇರುವ ಅನುಪಲಬ್ಧಿ ಮಾತ್ರ ಪ್ರಮಾಣ. ಧರ್ಮರಾಜಾಧ್ವರೀಂದ್ರನ ವೇದಾಂತ ಪರಿಭಾಷೆಯಲ್ಲಿ ಇದಕ್ಕೊಂದು ಅಧ್ಯಾಯವೇ ಇದೆ. ಅಪ್ಪಯ್ಯನ ಹತ್ತಿರ ಅದರ ಬೆನ್ನು ಕಿತ್ತ ಪ್ರತಿಯೊಂದಿತ್ತು, ಈಗ ನನ್ನ ಮೇಜಿನ ಮೇಲಿದೆ.

ಒಂದು ಪಕ್ಕದ ಮಾತು. ಆಟೋಕಾನ್ಫ್ ತನಗೆ ಸಿಗದಿದ್ದ ಲೈಬ್ರರಿಯ ಹೆಸರನ್ನು ಕಡತದಲ್ಲಿ ಬರೆದಿಡುತ್ತದೆ, ಆದರೆ ಕಾಮೆಂಟಾಗಿ, ಕಂಪೈಲರಿನ ಕಣ್ಣಿಗೆ ಬೀಳದ ಹಾಗೆ. ಕಂಪೈಲರಿಗೆ ಅಲ್ಲಿ ಬರಿಯ ನೆಲ. ಬಗ್ಗಿ ಓದುವ ಮನುಷ್ಯನಿಗೆ ಮಾತ್ರ ಅಭಾವವೊಂದು ಪದಾರ್ಥವಾಗಿ ಕೂತಿರುತ್ತದೆ. ಪ್ರಭಾಕರನಿಗೂ ನೈಯಾಯಿಕನಿಗೂ ಒಂದೇ ಸಾಲಿನಲ್ಲಿ ಮರ್ಯಾದೆ.

ಯೋಗ್ಯತೆಯ ಕರಾರು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ 2024ರ ಎಕ್ಸ್‌ಝಡ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎಕ್ಸ್‌ಝಡ್ ಲಿನಕ್ಸಿನಲ್ಲಿ ಎಲ್ಲೆಲ್ಲೂ ಇರುವ, ಕಡತ ಕುಗ್ಗಿಸುವ ಸಾಧನ. ಆ ವರ್ಷ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದು ಇದೆ ಎಂದು ಬಯಲು ಮಾಡಿದರು. ಅವರಿಗೆ ಸುಳಿವು ಕೊಟ್ಟದ್ದು ಲಾಗಿನ್ ಅರ್ಧ ಸೆಕೆಂಡು ತಡವಾಗಿದ್ದು. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡು ವರ್ಷಗಟ್ಟಲೆ ವಿಶ್ವಾಸ ಗಳಿಸಿದ ಯಾರೋ ಮಾಡಿದ ಕೆಲಸ. ಆ ಕಥೆ ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಜೊತೆಗಿದ್ದ ಇನ್ನೊಂದು ಸಣ್ಣ ಕಿತಾಪತಿ. ಲ್ಯಾಂಡ್‌ಲಾಕ್ ಎಂಬುದು ಲಿನಕ್ಸ್ ಕರ್ನಲ್ಲಿನ ಒಂದು ಸೌಲಭ್ಯ. ಪ್ರೋಗ್ರಾಂ ತನಗೆ ತಾನೇ ಬೇಲಿ ಹಾಕಿಕೊಂಡು, ಬೇಡದ ಕಡತ ಮುಟ್ಟದಂತೆ ಇರುವುದಕ್ಕೆ. ಅದು ಇದೆಯೇ ಎಂದು ನೋಡಲು ಸಿಮೇಕ್ ಎಂಬ ಇನ್ನೊಂದು ಬಿಲ್ಡ್ ವ್ಯವಸ್ಥೆಯ ಕಡತದಲ್ಲಿ ಪುಟ್ಟ ಪರೀಕ್ಷಾ ಪ್ರೋಗ್ರಾಂ ಇತ್ತು. ಅದರೊಳಗೆ, ಒಂದು ಸಾಲಿನಲ್ಲಿ ಒಂಟಿಯಾಗಿ, ಒಂದು ಚುಕ್ಕೆ. ಪೂರ್ಣವಿರಾಮ. ಪರದೆಯ ಮೇಲೆ ಧೂಳು ಕೂತಿದೆ ಎಂದು ಉಗುರಲ್ಲಿ ಕೆರೆಯುವಷ್ಟು.

ಆ ಚುಕ್ಕೆಯಿಂದ ಪರೀಕ್ಷಾ ಪ್ರೋಗ್ರಾಂ ಯಾವ ಯಂತ್ರದಲ್ಲೂ ಕಂಪೈಲ್ ಆಗುತ್ತಿರಲಿಲ್ಲ. ಆಗದಿದ್ದರೆ ಉತ್ತರ 'ಇಲ್ಲ'. ಲ್ಯಾಂಡ್‌ಲಾಕ್ ಎದುರಿಗೇ ಇದ್ದರೂ ಇಲ್ಲ. ಬಿಲ್ಡ್ ನಿಲ್ಲುವುದಿಲ್ಲ, ದೂರುವುದಿಲ್ಲ, ಬೇಲಿಯಿಲ್ಲದೆ ಮುಂದುವರಿಯುತ್ತದೆ. ಬಹುತೇಕ ಲಿನಕ್ಸ್ ವಿತರಣೆಗಳು ಎಕ್ಸ್‌ಝಡ್‌ಅನ್ನು ಸಿಮೇಕ್ ದಾರಿಯಿಂದ ಕಟ್ಟುತ್ತಿರಲಿಲ್ಲ, ಅದು ಪುಣ್ಯ. ಆಮೇಲೆ ಮೂಲ ನಿರ್ವಾಹಕ ಲಾಸೆ ಕಾಲಿನ್ ಆ ಚುಕ್ಕೆಯನ್ನು ತೆಗೆದರು. ಚುಕ್ಕೆ ಇಟ್ಟ ಆ ಮನುಷ್ಯ, ಅವನು ಯಾರೇ ಇರಲಿ, ದೀಪ ಆರಿಸಿ 'ಮಡಕೆ ಇಲ್ಲ' ಅನ್ನಿಸಿದ್ದ. ನೋಡುವವನ ಕಣ್ಣು ಕೆಟ್ಟದ್ದಕ್ಕೂ ನೋಡಬೇಕಾದ್ದು ಇಲ್ಲದ್ದಕ್ಕೂ ನಮ್ಮ ಸಾಧನಗಳು ಒಂದೇ ಉತ್ತರ ಇಟ್ಟುಕೊಂಡಿವೆ ಎನ್ನುವುದನ್ನು ಆತ ನಮಗಿಂತ ಚೆನ್ನಾಗಿ ಅರಿತಿದ್ದ.

ಇಷ್ಟು ಹೇಳಿ ಬಿಟ್ಟರೆ ಪರೀಕ್ಷೆಯನ್ನು ಚೆನ್ನಾಗಿ ಬರೆಯಿರಿ ಎಂದಷ್ಟೇ ಆದೀತು. ನನ್ನ ತಕರಾರು ಅದಕ್ಕಿಂತ ಹಿಂದಿನದು. ಪರೀಕ್ಷೆ ಸರಿಯಾಗಿಯೇ ನಡೆದು, ನಿಜವಾಗಿಯೇ ಇದೆ ಎಂದು ಗೊತ್ತಾಯಿತು ಅನ್ನಿ. ಇದ್ದ ಮಾತ್ರಕ್ಕೆ ಅದನ್ನು ಸೇರಿಸಿಕೊಳ್ಳಬೇಕು ಎಂದು ಯಾರು ಹೇಳಿದರು? ಇಲ್ಲದ ಮಾತ್ರಕ್ಕೆ ಬಿಡಬಹುದು ಎಂದು ಯಾರು ಒಪ್ಪಿದರು? ಮೀಮಾಂಸಾಸೂತ್ರದ ಮೊದಲ ಪಾದದಲ್ಲೇ ಜೈಮಿನಿ ಇದನ್ನು ಇತ್ಯರ್ಥ ಮಾಡುತ್ತಾನೆ. ಪ್ರತ್ಯಕ್ಷ ಎದುರಿಗಿರುವುದನ್ನು ಮಾತ್ರ ಹಿಡಿಯುತ್ತದೆ, ಆದ್ದರಿಂದ ಧರ್ಮವನ್ನು ತಿಳಿಸುವ ಶಕ್ತಿ ಅದಕ್ಕಿಲ್ಲ. ಇರುವುದು ಸಿದ್ಧ, ಆಗಬೇಕಾದ್ದು ಸಾಧ್ಯ. ಸಿದ್ಧವನ್ನು ಎಷ್ಟು ದಿಟ್ಟಿಸಿದರೂ ಅದರೊಳಗಿಂದ ಸಾಧ್ಯ ಹೊರಗೆ ಬರುವುದಿಲ್ಲ; ಅದಕ್ಕೆ ವಿಧಿ ಬೇಕು, ಹೇಳುವವರು ಬೇಕು. ವೇದದ ಪ್ರಾಮಾಣ್ಯದಲ್ಲಿ ನನಗೆ ನಂಬಿಕೆ ಉಳಿದಿಲ್ಲ. ಆದರೆ ಈ ಒಂದು ಗೆರೆಯನ್ನು ಜೈಮಿನಿ ಎಳೆದ ಜಾಗ ಸರಿಯಾಗಿದೆ ಎಂದು ಕೆಲಸದಲ್ಲಿ ಪೆಟ್ಟು ತಿಂದು ಒಪ್ಪಿಕೊಂಡಿದ್ದೇನೆ. ಆ ಪೆಟ್ಟಿನ ಕಥೆ ಇದು.

ಮಕ್ಕಳಿಗೆ ಕನ್ನಡ ಪ್ರಬಂಧ ಸ್ಪರ್ಧೆ ನಡೆಸುವ ಸಂಸ್ಥೆಯೊಂದಕ್ಕೆ ಪ್ರಮಾಣಪತ್ರ ಅಚ್ಚು ಹಾಕಿಸುವ ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಪೈಥಾನ್, ಅದರಲ್ಲಿ ಚಿತ್ರ ಬರೆಯಲು ಪಿಲ್ಲೋ. ನಮ್ಮದೇ ಕಾರಣಗಳಿಗೆ ಪಿಲ್ಲೋವನ್ನು ಮೂಲದಿಂದ ಕಟ್ಟುತ್ತಿದ್ದೆವು. ಅದಕ್ಕೆ ಝೀಲಿಬ್, ಜೆಪೆಗ್ ಕಡ್ಡಾಯ. ಇವಿಲ್ಲದಿದ್ದರೆ ಕಟ್ಟುವುದೇ ಇಲ್ಲ. ಮಿಕ್ಕದ್ದೆಲ್ಲ ಐಚ್ಛಿಕ, ಸಿಕ್ಕಿದರೆ ಸೇರಿಸಿಕೊಳ್ಳುತ್ತದೆ. ಆ ಐಚ್ಛಿಕಗಳಲ್ಲಿ ರಕ್ಮ್ ಒಂದು. ರಕ್ಮ್ ಅರಬ್ಬಿ ಪದ. ಬರಹ ಎಂದೂ ಅಂಕಿ ಎಂದೂ ಅರ್ಥ. ನಮ್ಮ ಅಂಗಡಿಗಳ 'ರಕಮು' ಅದೇ ಮನೆತನದ್ದು. ಹಾರ್ಫ್‌ಬಝ್, ಫ್ರಿಬಿಡಿ ಎಂಬ ಇನ್ನೆರಡರ ಹೆಗಲ ಮೇಲೆ ಕೂತು ರಕ್ಮ್ ಅಕ್ಷರಗಳನ್ನು ಜೋಡಿಸುತ್ತದೆ. ಒತ್ತಕ್ಷರ ಕೆಳಗೆ ಹೋಗಬೇಕು, ಗುಣಿತ ತಲೆಗೆ ಕೂಡಬೇಕು, ಅರ್ಕಾವೊತ್ತು ಮುಂದೆ ಬರಬೇಕು, ಇದೆಲ್ಲ ಅದರ ಕೆಲಸ. ಅದಿಲ್ಲದಿದ್ದರೆ ಪಿಲ್ಲೋ ಸುಮ್ಮನೆ ಮೂಲಭೂತ ಜೋಡಣೆಗೆ ಇಳಿಯುತ್ತದೆ: ಒಂದಾದ ಮೇಲೊಂದು ಚಿಹ್ನೆಯನ್ನು ಸಾಲಾಗಿ ಇಡುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ರಕ್ಮ್ ಬೇರಾವುದೋ ಕಾರಣಕ್ಕೆ ಮೊದಲೇ ಕೂತಿತ್ತು. ನಾನು ನೋಡಿದ ನಮೂನೆ ಮುದ್ದಾಗಿತ್ತು. ಸರ್ವರಿನಲ್ಲಿ ಹೊಸ ಕಂಟೇನರ್, ಅಲ್ಲಿ ರಕ್ಮ್ ಇರಲಿಲ್ಲ. ಬಿಲ್ಡ್ ಹಸಿರು ತೋರಿಸಿತು. ಪ್ರಮಾಣಪತ್ರಗಳು ಅಚ್ಚಾಗಿ, ಕಟ್ಟುಗಳಾಗಿ ಊರೂರಿಗೆ ಹೋದವು. ಮೂರನೆಯ ದಿನ ಮೇಷ್ಟರೊಬ್ಬರ ಫೋನ್. 'ಸಾರ್, ನಮ್ಮ ಹುಡುಗಿ ಹೆಸರು ಒಡ್ದೋಗಿದೆ.' ಲಕ್ಷ್ಮಿ ಎಂದಿರಬೇಕಾದಲ್ಲಿ ಲಕ್‌ಷ್‌ಮಿ, ಅದರ ಗುಡಿಸೂ ಬೇರೆ ಬಿದ್ದುಕೊಂಡಿತ್ತು. ಕನ್ನಡ ಚೆನ್ನಾಗಿ ಬರೆದದ್ದಕ್ಕೆ ಕೊಟ್ಟ ಕಾಗದದ ಮೇಲೆ. ರವಿ, ಕಮಲ ಅವರೆಲ್ಲ ಹೆಚ್ಚುಕಡಿಮೆ ಪಾರಾಗಿದ್ದರು. ಕೃಷ್ಣ, ಪ್ರಜ್ವಲ್, ಐಶ್ವರ್ಯ ಸಿಕ್ಕಿಬಿದ್ದಿದ್ದರು.

ತಪ್ಪು ಯಾರದ್ದು ಎಂದು ಹುಡುಕುವ ಕಷ್ಟವಿರಲಿಲ್ಲ, ನನ್ನದೇ. ಆದರೆ ತಪ್ಪು ಯಾವುದು ಎನ್ನುವುದಕ್ಕೆ ಎರಡು ರಾತ್ರಿ ಬೇಕಾಯಿತು. ಪಿಲ್ಲೋದವರು ಅಕ್ಷರ ಜೋಡಣೆಯನ್ನು ಐಚ್ಛಿಕ ಎಂದಿಟ್ಟದ್ದರಲ್ಲಿ ಕುಚೋದ್ಯವೇನಿಲ್ಲ. ಇಂಗ್ಲಿಷ್ ಬರೆಯುವವನಿಗೆ ಅದು ಒಂದು ಅಲಂಕಾರ, ಇದ್ದರೆ ಒಳ್ಳೆಯದು. ಕನ್ನಡಕ್ಕೆ ಅದೇ ಜೀವ. ಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಅವರಿಗೆ ಅಂಗವಾದದ್ದು ನಮಗೆ ಪ್ರಧಾನ. ಯಾವುದು ಅಂಗ, ಯಾವುದು ಪ್ರಧಾನ ಎನ್ನುವುದನ್ನು ಯಾವ ಕಾನ್ಫಿಗರ್ ಸ್ಕ್ರಿಪ್ಟೂ ಯಂತ್ರದ ಮೂಲೆ ಮೂಲೆ ತಡಕಿ ಕಂಡುಹಿಡಿಯಲಾರದು, ಯಾಕೆಂದರೆ ಅದು ಯಂತ್ರದಲ್ಲಿ ಇಲ್ಲ. ಏತಕ್ಕೆ ಕಟ್ಟುತ್ತಿದ್ದೇವೆ ಎನ್ನುವುದರಲ್ಲಿದೆ. ಅದನ್ನು ನಾನು ಎಲ್ಲೂ ಹೇಳಿರಲಿಲ್ಲ. ಸಿಕ್ಕಿದ್ದನ್ನೇ ಬೇಕಾದ್ದು ಎಂದುಕೊಳ್ಳಲು ಯಂತ್ರಕ್ಕೆ ಬಿಟ್ಟುಕೊಟ್ಟಿದ್ದೆ.

ಆ ಎರಡನೆಯ ರಾತ್ರಿಯೇ ನನಗೆ ಉಂಬಳದ ದಾರಿಯಲ್ಲಿ ಅಪ್ಪಯ್ಯ ಹೇಳಿದ್ದು ನೆನಪಾದದ್ದು. ಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಈ ಚರ್ಚೆ ಬರುತ್ತದೆ. ಅಗ್ನಿಹೋತ್ರದಂಥ ನಿತ್ಯಕರ್ಮದಲ್ಲಿ ಅಂಗಗಳು ಕೆಲವು ಕೂಡದಿದ್ದರೂ ಯಥಾಶಕ್ತಿ ನಡೆಸಬೇಕು, ಬಿಡುವಂತಿಲ್ಲ. ಕಾಮ್ಯ ಹಾಗಲ್ಲ. ಮಳೆ ಬೇಕೆಂದು ಕಾರೀರಿ ಇಷ್ಟಿ ಮಾಡುವವನು ಎಲ್ಲ ಅಂಗಗಳನ್ನೂ ಕೂಡಿಸಿಕೊಂಡೇ ಮಾಡಬೇಕು, ಆಗದಿದ್ದರೆ ಕೈಹಾಕಬಾರದು. ಇದೇ ಭೇದ ನನ್ನ ಕೆಲಸದಲ್ಲೂ ಇದೆ. ಮೆಸನ್ ಎಂಬ ಹೊಸ ಬಿಲ್ಡ್ ವ್ಯವಸ್ಥೆ ಇದೆ, ಫಿನ್ಲೆಂಡಿನ ಯುಸ್ಸಿ ಪಾಕ್ಕನೆನ್ ಶುರುಮಾಡಿದ್ದು. ಅದರ 0.47ನೆಯ ಆವೃತ್ತಿಯಲ್ಲಿ, 2018ರಲ್ಲಿ, ಐಚ್ಛಿಕ ಸೌಲಭ್ಯಗಳಿಗೆ ಮೂರು ಬೆಲೆ ಕೊಟ್ಟರು: ಎನೇಬಲ್ಡ್, ಡಿಸೇಬಲ್ಡ್, ಆಟೋ. ಎನೇಬಲ್ಡ್ ಎಂದರೆ ಬೇಕೇ ಬೇಕು, ಸಿಗದಿದ್ದರೆ ಬಿಲ್ಡ್ ಅಲ್ಲೇ ನಿಲ್ಲಲಿ. ಅದು ಕಾಮ್ಯ, ದರ್ಭೆ ಮಡಿಚಿ ಏಳುವುದು. ಡಿಸೇಬಲ್ಡ್ ಎಂದರೆ ನಿಷೇಧ. ಎದುರಿಗೇ ಇದ್ದರೂ ಆ ಕಡೆ ತಿರುಗಿಯೂ ನೋಡುವುದಿಲ್ಲ. ಆಟೋ ಯಥಾಶಕ್ತಿ. ಹಳೆಯ ವ್ಯವಸ್ಥೆಯಲ್ಲೂ ಹೀಗೆ ಬರೆಯಬಹುದಿತ್ತು, ಶ್ರದ್ಧೆಯಿದ್ದವರು ಬರೆಯುತ್ತಿದ್ದರು. ಮೆಸನ್ ಅದಕ್ಕೆ ಹೆಸರು ಕೊಟ್ಟಿತು, ಅಷ್ಟೇ.

ಫೆಡೋರಾ ಎಂಬ ಲಿನಕ್ಸ್ ವಿತರಣೆಯವರು ತಮ್ಮ ಪ್ಯಾಕೇಜು ಕಟ್ಟುವಾಗ ಎಲ್ಲ ಆಟೋಗಳನ್ನೂ ಒಟ್ಟಿಗೆ ಎನೇಬಲ್ಡ್‌ಗೆ ತಿರುಗಿಸಿಬಿಡುತ್ತಾರೆ. ಯಾವುದು ಬೇಡವೋ ಅದನ್ನು ಹೆಸರು ಹಿಡಿದು ಬೇಡ ಅನ್ನಬೇಕು. ಜೆಂಟೂ ಎಂಬ ವಿತರಣೆ ಇನ್ನೊಂದು ತುದಿ: ಅಲ್ಲಿ ಯೂಸ್ ಫ್ಲ್ಯಾಗ್ ಇಟ್ಟು ಆಯ್ಕೆಯನ್ನೇ ಬಳಕೆದಾರನ ಕೈಗೆ ಕೊಡುತ್ತಾರೆ. ಕೇಳದೆಯೇ ಅಂಟಿಕೊಳ್ಳುವ ಅವಲಂಬನೆಗಳನ್ನು ಅವರು 'ಆಟೋಮ್ಯಾಜಿಕ್' ಎಂದು ಬೈಯುತ್ತಾರೆ. ನನಗೆ ಎರಡೂ ಒಪ್ಪಿತ. ಶಾಸ್ತ್ರದಲ್ಲಿ ವಿಕಲ್ಪ ಎರಡು ಥರ. ಒಂದು ಐಚ್ಛಿಕ, ಇಷ್ಟದ್ದು. ಭತ್ತವಾದರೂ ಸರಿ, ಜವೆಯಾದರೂ ಸರಿ. ಇನ್ನೊಂದು ವ್ಯವಸ್ಥಿತ, ಇಂಥವರಿಗೆ ಇದು, ಅಂಥವರಿಗೆ ಅದು ಎಂದು ಮೊದಲೇ ನಿಂತದ್ದು. ಬಾಯಿಮುಚ್ಚಿಕೊಂಡ ಆಟೋ ಎರಡೂ ಅಲ್ಲ. ಅಲ್ಲಿ ಇಚ್ಛೆಯೂ ಇಲ್ಲ, ವ್ಯವಸ್ಥೆಯೂ ಇಲ್ಲ, ಆ ಹೊತ್ತಿಗೆ ಅಂಗಳದಲ್ಲಿ ಏನು ಬಿದ್ದಿತ್ತೋ ಅದು. ಮೀಮಾಂಸಕರಿಗೆ ವಿಕಲ್ಪವೆಂದರೇ ಆಗದು, ಎಂಟು ದೋಷ ಎಣಿಸುತ್ತಾರೆ, ಬೇರೆ ಗತಿಯೇ ಇಲ್ಲವೆಂದಾಗ ಮಾತ್ರ ಒಪ್ಪುತ್ತಾರೆ. ಒಂಬತ್ತನೆಯದನ್ನು ನಾನು ಸೇರಿಸಬಲ್ಲೆ. ಇಪ್ಪತ್ತು ಐಚ್ಛಿಕ ಸೌಲಭ್ಯವಿರುವ ಪ್ರೋಗ್ರಾಮನ್ನು 10,48,576 ಬಗೆಯಲ್ಲಿ ಕಟ್ಟಬಹುದು, ಅದರಲ್ಲಿ ಯಾರಾದರೂ ಪರೀಕ್ಷಿಸಿ ನೋಡಿರುವುದು ಕೈಬೆರಳಿನಷ್ಟು.

ಹಾಗಂತ ಆಟೋ ಪೂರಾ ಕೆಟ್ಟದ್ದೆಂದು ಹೇಳಲಾರೆ. ಹೊಸಬನೊಬ್ಬ ಪ್ರೋಗ್ರಾಂ ಇಳಿಸಿಕೊಂಡು ಮೊದಲ ಸಲ ಕಟ್ಟುವಾಗ ಹದಿನೈದು ಲೈಬ್ರರಿ ತಾ ಎಂದು ಗದರಿದರೆ ಅವನು ಆ ಕಡೆ ತಲೆಹಾಕುವುದಿಲ್ಲ. ಆ ಅಡುಗೆಯವರ ಮನೆಯಲ್ಲಿ ಅಪ್ಪಯ್ಯ ವಡೆ ಪಾಯಸಕ್ಕೆ ಹಟ ಹಿಡಿದಿದ್ದರೆ ಆ ವರ್ಷ ಶ್ರಾದ್ಧವೇ ಇಲ್ಲ.

ಹೋದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪಯ್ಯನ ಮುಂದೆ ಹರಡಿದೆ. ಎಂಬತ್ತನಾಲ್ಕು ಈಗ, ಕಿವಿ ಮಂದ, ತಲೆ ಚುರುಕು. ರಕ್ಮ್ ಇಲ್ಲದಾಗ ಮೂಲಭೂತ ಜೋಡಣೆ ಬಂದು ಕೂರುತ್ತದೆ ಎಂದಾಗ, 'ಪ್ರತಿನಿಧಿ' ಎಂದರು ತಕ್ಷಣ. 'ಭತ್ತ ಅಂತ ಶುರುಮಾಡಿ ಭತ್ತ ಹಾಳಾದ್ರೆ ನೀವಾರ ತಗೊಳ್ಳೋದು, ಕಾಡುಭತ್ತ. ಯಾಕೆ? ಹೋಲ್ತದೆ ಅಂತ. ನಿಂದು ಹೋಲ್ತದಾ?' ಇಂಗ್ಲಿಷಿಗೆ ಹೋಲುತ್ತದೆ, ಕನ್ನಡಕ್ಕೆ ಹೋಲುವುದಿಲ್ಲ ಎಂದೆ. 'ಹಾಗಾದ್ರೆ ಕನ್ನಡಕ್ಕೆ ಅದು ಪ್ರತಿನಿಧಿಯೇ ಅಲ್ಲ' ಎಂದು ಅಡಿಕೆ ಕತ್ತರಿಸತೊಡಗಿದರು.

ಲ್ಯಾಪ್‌ಟಾಪ್ ತೆಗೆದು, ಯಾವುದೋ ಪ್ರೋಗ್ರಾಮಿನ ಕಾನ್ಫಿಗರ್ ಓಡಿಸಿ ತೋರಿಸಿದೆ. ಸಾಲುಗಳು ಏರುತ್ತ ಹೋದವು. ಎಸ್ ಅಂದರೆ ಇದೆ, ನೋ ಅಂದರೆ ಇಲ್ಲ ಎಂದು ವಿವರಿಸಿದೆ. ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿ ಕೇಳಿದರು:

'ಇದು ಯಾರಿಗೆ ಹೇಳ್ತಾ ಇದೆ?'

'ಕಟ್ಟುವವರಿಗೆ. ನನಗೆ.'

'ಆ ಹುಡುಗಿ ಹೆಸರಿನ ವಿಷಯದಲ್ಲಿ ಹೇಳಿರಲಿಲ್ವಾ?'

ಹೇಳಿತ್ತು. ಪಿಲ್ಲೋ ಕಟ್ಟಿ ಮುಗಿದ ಮೇಲೆ ಪಟ್ಟಿ ಕೊಡುತ್ತದೆ, ಇಲ್ಲದ್ದಕ್ಕೆಲ್ಲ ಮೂರು ನಕ್ಷತ್ರ ಹಾಕಿ. ಆದರೆ ನಾವು ಪೈಥಾನಿನ ಪ್ಯಾಕೇಜು ಕೂರಿಸುವ ಪಿಪ್ ಎಂಬ ಸಾಧನದ ಮೂಲಕ ಕಟ್ಟುತ್ತಿದ್ದೆವು. ಕೇಳಿ ಪಡೆಯದಿದ್ದರೆ ಪಿಪ್ ಆ ಮಾತನ್ನೆಲ್ಲ ತಾನೇ ನುಂಗಿಕೊಂಡು, ಆಯಿತು ಎಂದಷ್ಟೇ ತಿಳಿಸುತ್ತದೆ. ಇದನ್ನು ಹೇಳಿದಾಗ ಅಪ್ಪಯ್ಯನಿಗೆ ನಗು ಬಂತು.

'ನಂದೂ ಅದೇ ಕಥೆ. ಪೂಜೆಯಲ್ಲಿ ವಸ್ತ್ರ ಇರ್ತಿರ್ಲಿಲ್ಲ, ಆಭರಣ ಇರ್ತಿರ್ಲಿಲ್ಲ. ವಸ್ತ್ರದ ಬದಲು ಅಕ್ಷತೆ ಅಂತ ಬಾಯಿಬಿಟ್ಟು ಹೇಳಿಯೇ ಹಾಕಿಸ್ತಿದ್ದದ್ದು. ಆದ್ರೆ ಸಂಸ್ಕೃತದಲ್ಲಿ. ಯಜಮಾನನಿಗೆ ಎಲ್ಲಿ ತಿಳೀಬೇಕು? ಕೈಗೆ ಕೊಟ್ಟ ಅಕ್ಷತೆ ಹಾಕ್ತಿದ್ದ. ಮುಗಿದ ಮೇಲೆ ಎಲ್ಲ ಸಾಂಗವಾಗಿ ಆಯ್ತು ಅಂತ ಕಾಲಿಗೆ ಬೀಳ್ತಿದ್ದ.'

'ಹೇಳಿದ್ದು ದೇವರಿಗಲ್ವಾ ಅಪ್ಪಯ್ಯ?'

'ದೇವರಿಗೆ ಬಟ್ಟೆ ಇಲ್ಲದ್ದು ಕಾಣೋದಿಲ್ವಾ?'

ಅಡಕತ್ತರಿ ಕೆಳಗಿಟ್ಟು ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. ಇದರಲ್ಲಿ ಒಟ್ಟು ಎಷ್ಟು 'ಇಲ್ಲ' ಇದೆ ಎಂದು ಕೇಳಿದರು. ಮೇಲಿಂದ ಎಣಿಸಿದೆವು, ಅವರು ಬೆರಳು ಮಡಿಚುತ್ತ, ನಾನು ಪರದೆ ಸರಿಸುತ್ತ. ಹದಿನೇಳು. ಒಂದೊಂದನ್ನೂ ಮುಟ್ಟಿ, 'ಇದು ಎಂಥದು, ಇದು ಇಲ್ಲದಿದ್ರೆ ಯಾರಿಗೆ ಏನು ಹೋಗ್ತದೆ?' ಎಂದು ಕೇಳುತ್ತ ಹೋದರು. ಹನ್ನೊಂದಕ್ಕೆ ಉತ್ತರ ಕೊಟ್ಟೆ. ಉಳಿದ ಆರು ಎಂಥದೆಂದು ನನಗೂ ಗೊತ್ತಿರಲಿಲ್ಲ.